ದೀಪಸ್ತಂಭದ ಗ್ರೂಪ್ ಫೋಟೋ

ಕಳೆದ ತಿಂಗಳು ಮಂಡ್ಯದ ಹತ್ತಿರ ಒಂದು ಮದುವೆಗೆ ಕ್ಯಾಮೆರಾ ಹೊತ್ತು ಹೊರಟಿದ್ದೆ. ರಸ್ತೆ ಪಕ್ಕದ ಗದ್ದೆಯಲ್ಲಿ ಕಬ್ಬು ಕಡಿದು ಮುಗಿದಿತ್ತು, ಉಳಿದ ತರಗಿಗೆ ಬೆಂಕಿ ಇಟ್ಟಿದ್ದರು. ಕಾರಿನೊಳಗೆ ಹೊಗೆ ನುಗ್ಗಿತು. ಡ್ರೈವರ್ ಕೆಮ್ಮುತ್ತ ಗಾಜು ಏರಿಸಹೊರಟರೆ ನಾನು ಬೇಡವೆಂದು ನನ್ನ ಕಡೆಯದನ್ನು ಪೂರ್ತಿ ಇಳಿಸಿದೆ. "ಏನ್ ಸಾ, ಬೀಡಿ ಸಾಲ್ದು ಅಂತ ಹೊಗೆ ಕುಡೀತಿದ್ದೀರಾ?" ಎಂದ. ನಾನು ಬೀಡಿ ಸೇದುವವನಲ್ಲ. ಆದರೆ ಆ ಹೊಗೆ ಮೂಗಿಗೆ ತಾಗಿದ ಕೂಡಲೇ ನಾನು ಮಂಡ್ಯದಲ್ಲಿರಲಿಲ್ಲ. ಜಪಾನಿನ ಬಿವಾ ಸರೋವರದ ದಂಡೆಯಲ್ಲಿ, ಜೊಂಡು ಸುಟ್ಟ ಕಪ್ಪು ನೆಲದ ಮೇಲೆ, ಟ್ರೈಪಾಡ್ ಹಿಡಿದು, ಒಂದು ಇಡೀ ಊರಿಗೆ ಕನ್ನಡದಲ್ಲಿ ಕೂಗುತ್ತಾ ನಿಂತಿದ್ದೆ.

ಆ ವರ್ಷ ನಾವು ಒಸಾಕಾದಲ್ಲಿದ್ದೆವು. ನಾವು ಎಂದರೆ ಹೆಂಡತಿ ಶೈಲಜಾ ಮತ್ತು ಅವಳ ಜೊತೆಗೆ ನಾನು. ನೀರಿನಲ್ಲಿ ಕರಗುವ ಪ್ಲಾಸ್ಟಿಕ್ ಬಗ್ಗೆ ಸಂಶೋಧನೆ ಮಾಡಲು ಅವಳಿಗೆ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಅವಕಾಶ ಸಿಕ್ಕಿತ್ತು. ನನಗೆ ಸಿಕ್ಕಿದ್ದು 'ಅವಲಂಬಿತ' ಎಂಬ ವೀಸಾ. ಮೈಸೂರಿನಲ್ಲಿ ನನ್ನ ಸ್ಟುಡಿಯೋ ಬೋರ್ಡನ್ನೇ ಗುರುತಾಗಿ ಇಟ್ಟುಕೊಂಡು ಜನ ದಾರಿ ಹೇಳುತ್ತಿದ್ದರು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಮದುವೆ, ನಾಮಕರಣ, ಆರತಕ್ಷತೆ ಎಂದು ಓಡಾಡಿದ ಆಸಾಮಿ ನಾನು, ಒಸಾಕಾದಲ್ಲಿ ಬೆಳಿಗ್ಗೆ ಕಸ ವಿಂಗಡಿಸುವುದು, ಮಧ್ಯಾಹ್ನ ಕೊಂಬಿನಿ ಅಂಗಡಿಗೆ ಹೋಗಿ ಹಾಲು ತರುವುದು ಮಾಡುತ್ತಿದ್ದೆ. ಊಟಕ್ಕಿಲ್ಲದ ಉಪ್ಪಿನಕಾಯಿ ಅಂತಾರಲ್ಲ, ಹಾಗಿದ್ದೆ.

ಕೋಬೆಯಲ್ಲಿ ಕನ್ನಡದವರೆಲ್ಲ ಸೇರಿ ದೀಪಾವಳಿ ಮಾಡಿದ ದಿನ ಬೆಂಗಳೂರಿನ ಹುಡುಗನೊಬ್ಬ ಪ್ಲೇಟು ಹಿಡಿದು ಪಕ್ಕಕ್ಕೆ ಬಂದ.

"ಸಾರ್, ನೀವು ಯಾವ ಕಂಪನಿ?"

"ಕಂಪನಿ ಇಲ್ಲಪ್ಪ. ನಾನು ಫೋಟೋಗ್ರಾಫರ್."

"ಓ, ಸೂಪರ್ ಸಾರ್! ಹಾಬಿನಾ?"

ಪಾಪ, ಅವನು ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದ. ನಾನು ಮಾತ್ರ ಅರ್ಧ ತಿಂದ ಹೋಳಿಗೆಯನ್ನು ಪ್ಲೇಟಿನಲ್ಲೇ ಬಿಟ್ಟೆ. ಈ ದೇಶ ಬಿಡುವುದರೊಳಗೆ, ಹಾಬಿ ಎಂದು ಯಾರೂ ಕರೆಯಲಾಗದಂಥ ಒಂದು ಕೆಲಸ ಮಾಡಿಯೇ ಹೋಗುತ್ತೇನೆ ಎಂದು ಅಲ್ಲೇ ನಿರ್ಧರಿಸಿದೆ. ಯಾವ ಕೆಲಸ ಎಂದು ಗೊತ್ತಿರಲಿಲ್ಲ, ಹಠವೊಂದು ಮಾತ್ರ ತಯಾರಿತ್ತು.

ಕೆಲಸ ಮುಂದಿನ ವಾರ ರೈಲಿನ ಕಿಟಕಿಯಲ್ಲಿ ಕಂಡಿತು. ಕೆಂಪೆಲೆ ನೋಡಲೆಂದು ಶೈಲಜಾ ನನ್ನನ್ನು ಬಿವಾ ಸರೋವರದ ಪಶ್ಚಿಮ ದಂಡೆಗೆ ಕರೆದೊಯ್ದಳು. ನೀರಿನ ಅಂಚಿನಲ್ಲಿ ಬಿಳಿ ಬಣ್ಣದ ಪುಟ್ಟ ಲೈಟ್‌ಹೌಸ್ ನಿಂತಿತ್ತು. ಸಮುದ್ರಕ್ಕೆ ಸರಿ, ಕೆರೆಗೆ ಯಾಕೆ ದೀಪಸ್ತಂಭ ಎಂದು ನಾನು ನಕ್ಕೆ. ಆಮೇಲೆ ತಿಳಿಯಿತು, ಈ ಕೆರೆಯ ಆಚೆ ದಡ ಮಂಜಿದ್ದ ದಿನ ಕಾಣುವುದೇ ಇಲ್ಲ. ರಸ್ತೆಗಳು ಬರುವ ಮೊದಲು ಅಕ್ಕಿ, ಸೌದೆ, ಜನ ಎಲ್ಲವೂ ದೋಣಿಯಲ್ಲೇ ಓಡಾಡುತ್ತಿದ್ದವು. ಹಾಗಾಗಿ ರೇವಿಗೊಂದು ದೀಪ. ಕೆಲವು ಕಲ್ಲಿನವು, ಕೆಲವು ಕಬ್ಬಿಣದವು. ದೋಣಿಗಳು ಹೋದವು, ದೀಪಗಳು ಅಲ್ಲೊಂದು ಇಲ್ಲೊಂದು ಉಳಿದುಕೊಂಡಿವೆ. ಅವೆಲ್ಲದರ ಫೋಟೋ ಒಂದೇ ಚಳಿಗಾಲದಲ್ಲಿ ತೆಗೆಯುತ್ತೇನೆ ಎಂದು ವಾಪಸು ರೈಲು ಇಳಿಯುವ ಮೊದಲೇ ಘೋಷಿಸಿದೆ.

"ಏನ್ರೀ, ಈ ಕೋಲ್ಡ್‌ನಲ್ಲಾ? ಸಮ್ಮರ್‌ನಲ್ಲಿ ಎಲ್ರೂ ಬರ್ತಾರೆ, ಆಗ ಹೋಗಿ" ಎಂದಳು ಶೈಲಜಾ.

"ಎಲ್ರೂ ಬರ್ತಾರೆ ಅಂತಾನೇ ಈಗ ಹೋಗೋದು" ಎಂದೆ.

ಹೊರಟೆ. ವಾರಕ್ಕೆರಡು ಸಲ, ಕೆಲವೊಮ್ಮೆ ಮೂರು ಸಲ. ಬೇಸಗೆಯಲ್ಲಿ ಈಜಲು ಬರುವವರಿಗಾಗಿ ಇದ್ದ ಹೋಟೆಲುಗಳು ಬಾಗಿಲು ಹಾಕಿದ್ದವು. ಹಂಸದ ಆಕಾರದ ದೋಣಿಗಳನ್ನು ಸಾಲಾಗಿ ಕಟ್ಟಿ ಮೇಲೆ ಟಾರ್ಪಾಲು ಹೊದಿಸಿದ್ದರು. ತೆರೆದಿರುತ್ತಿದ್ದದ್ದು ಕಾಫಿ ಡಬ್ಬಿ ಮಾರುವ ಯಂತ್ರವೊಂದೇ. ಬಿಸಿ ಡಬ್ಬಿ ಕೊಂಡು ಮೊದಲು ಜೇಬಿನಲ್ಲಿಟ್ಟುಕೊಂಡು ಬೆರಳು ಕಾಯಿಸಿಕೊಳ್ಳುವುದು, ಆರಿದ ಮೇಲೆ ಕುಡಿಯುವುದು. ಚಳಿಗೆ ಕ್ಯಾಮೆರಾ ಬ್ಯಾಟರಿ ಬೇಗ ಸಾಯುತ್ತಿತ್ತು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು, ಶೈಲಜಾ ಕಟ್ಟಿಕೊಟ್ಟ ಚಿತ್ರಾನ್ನ ಮಂಜಿನಂತೆ ತಣ್ಣಗಾದರೂ ತಿಂದು, ಬೆಳಕಿಗೆ ಕಾಯುತ್ತಿದ್ದೆ. ಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಟ್ರೈಪಾಡ್ ಅಲುಗಾಡಿದರೆ ಕಾಲಿಗೆ ಕಲ್ಲು ಕಟ್ಟುತ್ತಿದ್ದೆ. ಒಮ್ಮೆ ಹಿಮ ಬಿದ್ದು ಲೆನ್ಸೇ ಮುಚ್ಚಿಹೋಯಿತು. ಮನೆಗೆ ಬಂದು ಮೂರು ದಿನ ಮಲಗಿ ನಾಲ್ಕನೆಯ ದಿನ ಮತ್ತೆ ಹೋದೆ.

ಅಲ್ಲಿ ನನ್ನನ್ನು ಮರುಳು ಮಾಡಿದ್ದು ಒಂದು ಸಂಗತಿ. ಯಾರಾದರೂ ನಡೆದು ಬರುತ್ತಿದ್ದರೆ, ಕ್ಯಾಮೆರಾ ಕಂಡ ಕೂಡಲೇ ನಿಂತುಬಿಡುತ್ತಿದ್ದರು. ದಾಟಲೇಬೇಕಾದರೆ ಬೆನ್ನು ಬಗ್ಗಿಸಿ, ಕೈ ಮುಂದೆ ಹಿಡಿದು, "ಸುಮಿಮಾಸೆನ್", ಅಂದರೆ ಕ್ಷಮಿಸಿ, ಎನ್ನುತ್ತಾ ಚಿತ್ರದ ಅಂಚಿನ ಕೆಳಗೆ ನುಸುಳಿ ಹೋಗುತ್ತಿದ್ದರು. ನಮ್ಮ ಮದುವೆಮನೆಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಧಾರೆ ಎರೆಯುವ ಹೊತ್ತಿಗೇ ವಿಡಿಯೋದವನ ಬೆನ್ನು ಅಡ್ಡ ಬರಬೇಕು, ಐಸ್‌ಕ್ರೀಂ ಹಿಡಿದ ಮಗು ಅಡ್ಡ ಬರಬೇಕು, ಹುಡುಗಿಯ ದೊಡ್ಡಪ್ಪ ಮೊಬೈಲ್ ಎತ್ತಿಕೊಂಡು ಅಡ್ಡ ಬರಬೇಕು. ಅಂಥ ಕಡೆಯಿಂದ ಬಂದವನಿಗೆ ಬಿವಾ ದಂಡೆ ಸ್ವರ್ಗವಾಗಿ ಕಂಡಿತು. ಖಾಲಿ ದಂಡೆ, ಖಾಲಿ ಆಕಾಶ, ನಡುವೆ ದೀಪ. ಯಾರಾದರೂ ದೂರದಲ್ಲಿ ಕಂಡರೆ ಅವರು ಹೋಗುವ ತನಕ ನಾನೂ ಕಾಯುತ್ತಿದ್ದೆ.

ಕೊನೆಯ ದೀಪ ಉತ್ತರದ ಕಡೆ, ಮೀನುಗಾರರ ಒಂದು ಪುಟ್ಟ ಊರಿನಲ್ಲಿತ್ತು. ಅದು ಮರದ್ದು. ಕಲ್ಲಿನ ಕಟ್ಟೆ, ಅದರ ಮೇಲೆ ನಾಲ್ಕು ಮರದ ಕಾಲು, ತುದಿಯಲ್ಲಿ ಪಾರಿವಾಳದ ಗೂಡಿನಷ್ಟು ದೊಡ್ಡ ಗಾಜಿನ ಕೋಣೆ. ಬೇಸಗೆಯಲ್ಲಿ ಎರಡಾಳು ಎತ್ತರ ಬೆಳೆಯುವ ಜೊಂಡು ಅದನ್ನು ಕೆರೆಯ ಕಡೆಯಿಂದ ಮುಚ್ಚಿಬಿಡುತ್ತದೆ. ಚಳಿಗಾಲದಲ್ಲಿ ಊರವರು ಜೊಂಡು ಕೊಯ್ದು ಕಂತೆ ಕಟ್ಟುತ್ತಾರೆ, ಚಾವಣಿಗೆ, ಚಾಪೆಗೆ. ಆಗ ಮಾತ್ರ ದೀಪ ಪೂರ್ತಿ ಕಾಣುತ್ತದೆ. ನಾನು ಹೋದಾಗ ಅರ್ಧ ಕೊಯ್ಲು ಆಗಿತ್ತು.

ಅಲ್ಲಿ ಪರಿಚಯವಾದವರು ಫುಮಿ-ಸಾನ್, ಅಂದರೆ ಫುಮಿಯವರು. ಎಂಬತ್ತು ದಾಟಿದ ಅಜ್ಜಿ, ಬೆನ್ನು ಬಾಗಿ ಟ್ರೈಪಾಡಿನಷ್ಟೇ ಎತ್ತರ ಉಳಿದಿದ್ದರು. ದಿನಾ ಮುಸ್ಸಂಜೆ ಟಾರ್ಚು ಹಿಡಿದು ಕಟ್ಟೆಯ ಮೇಲೆ ನಡೆದು ಬಂದು ದೀಪದ ಸ್ವಿಚ್ಚು ಒತ್ತಿ, ಕೈ ಮುಗಿದು, ಹಿಂದಿರುಗುತ್ತಿದ್ದರು. ಒಂದು ಸಂಜೆ ನನ್ನನ್ನು ಮನೆಗೆ ಕರೆದು ಚಹಾ ಕೊಟ್ಟರು. ನನ್ನ ಜಪಾನಿ ಸುಮಿಮಾಸೆನ್, ಅರಿಗಾತೋಗಳಿಗೆ ಮುಗಿಯುತ್ತಿತ್ತು. ಆದ್ದರಿಂದ ಫೋನನ್ನು ನಡುವೆ ಇಟ್ಟುಕೊಂಡು ಮಾತಾಡಿದೆವು. ಅವರ ಮಾತನ್ನು ಅದು ವಾರ್ತೆ ಓದುವವರ ಕನ್ನಡದಲ್ಲಿ ಹೇಳುತ್ತಿತ್ತು.

"ವಸಂತ ಋತುವಿನಲ್ಲಿ ಈ ದೀಪವನ್ನು ಕೆಡವಲಾಗುವುದು" ಎಂದಿತು ಫೋನು.

ತಪ್ಪು ಹೇಳಿತೇನೋ ಎಂದು ಅವರ ಮುಖ ನೋಡಿದೆ. ಫುಮಿ-ಸಾನ್ ಅಂಗೈಯನ್ನು ನೆಟ್ಟಗೆ ನಿಲ್ಲಿಸಿ, ಮೆಲ್ಲಗೆ ಮೇಜಿನ ಮೇಲೆ ಮಲಗಿಸಿ ತೋರಿಸಿದರು.

ಅವರ ಗಂಡ ಮೀನು ಹಿಡಿಯುತ್ತಿದ್ದವರು. ಒಂದು ಚಳಿಗಾಲ ಹಿಮ ಸುರಿದು ದಿಕ್ಕು ತಪ್ಪಿದಾಗ ಈ ದೀಪ ನೋಡಿಕೊಂಡೇ ದಡ ಸೇರಿದ್ದರಂತೆ. ಮರುದಿನದಿಂದ ದೀಪ ಹಚ್ಚುವ ಕೆಲಸವನ್ನು ಆ ಮನೆ ತಾನಾಗಿ ವಹಿಸಿಕೊಂಡಿತು. ಗಂಡ ಹೋಗಿ ಬಹಳ ವರ್ಷವಾಗಿದೆ. ಈಗ ದೀಪದ ಮರದ ಕಾಲುಗಳು ಬುಡದಲ್ಲಿ ಕೊಳೆತಿವೆ. ಜೊಂಡು ಸುಡುವ ದಿನ ಕಳೆದ ಮೇಲೆ ಊರಿನ ಸಭೆ ಸೇರಿ ಕೆಡವುವುದನ್ನು ಖಾಯಂ ಮಾಡುತ್ತದೆ.

ಊರಿನ ಹಿರಿಯ ಒಕುದಾ-ಸಾನ್ ಅವರನ್ನೂ ಕಂಡೆ. ದೋಣಿ ಎಂಜಿನ್ ರಿಪೇರಿ ಮಾಡಿ ನಿವೃತ್ತರಾದವರು, ಮಾತು ಕಡಿಮೆ. ಕೆಟ್ಟವರೇನಲ್ಲ, ಅದೇ ನನಗೆ ತೊಂದರೆಯಾದದ್ದು. ಅವರು ಹೇಳಿದ್ದೆಲ್ಲ ನ್ಯಾಯವಾಗಿತ್ತು. "ಕಾಲು ಬದಲಿಸಲು ನಮ್ಮಲ್ಲೇ ಬಡಗಿ ಇದ್ದಾನೆ. ಪ್ರಶ್ನೆ ಅದಲ್ಲ. ಫುಮಿ-ಸಾನ್ ನಂತರ ಯಾರು? ಊರಿನಲ್ಲಿ ಜನ ಎಲ್ಲಿದ್ದಾರೆ? ತಾನಾಗಿ ಉರಿಯುವ ದೀಪ ಹಾಕಬಹುದು. ಯಾರೂ ಹಚ್ಚದ ದೀಪ ಯಾರಿಗೆ ಬೇಕು? ಬಿದ್ದು ಹಾಳಾಗುವ ಮೊದಲು ನಾವೇ ಮರ್ಯಾದೆಯಿಂದ ಇಳಿಸುತ್ತೇವೆ." ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಫೋನಿಗೆ ಹೇಳಿದೆ. ಅದು ಏನೆಂದು ಅನುವಾದಿಸಿತೋ, ಒಕುದಾ-ಸಾನ್ ಗೌರವದಿಂದ ತಲೆಬಾಗಿ ಹೊರಟುಹೋದರು.

ಆ ದಿನದಿಂದ ಉಳಿದ ದೀಪಗಳೆಲ್ಲ ನನಗೆ ಮರೆತೇಹೋದವು. ಇದೊಂದನ್ನು ಉಳಿಸಬೇಕು. ಹೇಗೆ? ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಇದರ ಚಂದವನ್ನು ತೋರಿಸಿದರೆ ಯಾರಿಗೆ ಕೆಡವಲು ಮನಸ್ಸು ಬರುತ್ತದೆ ಎಂದುಕೊಂಡು ಹಿಮದಲ್ಲಿ, ಮಂಜಿನಲ್ಲಿ, ನೀರು ಕನ್ನಡಿಯಾದ ಬೆಳಗಿನಲ್ಲಿ ಅದನ್ನು ಮದುಮಗಳನ್ನು ತೆಗೆದಂತೆ ತೆಗೆದೆ. ದೊಡ್ಡದಾಗಿ ಪ್ರಿಂಟು ಹಾಕಿಸಿದೆ. ಫುಮಿ-ಸಾನ್ ಹೇಳಿ ಊರಿನ ಸಮುದಾಯ ಭವನದಲ್ಲಿ ಒಂದು ಭಾನುವಾರ ಪ್ರದರ್ಶನಕ್ಕೆ ಒಪ್ಪಿಸಿದರು. ಮಾತಿಗೆ ಆಸರೆಯಾಗಲೆಂದು ಜಪಾನಿ ಬಲ್ಲ ಶೈಲಜಾ ಬಂದಳು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಊರವರು ಚಪ್ಪಲಿ ಬಿಟ್ಟು ಸದ್ದಿಲ್ಲದೆ ಒಳಬಂದು ಒಂದೊಂದು ಚಿತ್ರದ ಮುಂದೂ ನಿಂತರು. "ಕಿರೇಯ್, ಕಿರೇಯ್" ಎಂದರು. ಚಂದ, ಬಹಳ ಚಂದ. ನಾನು ಉಬ್ಬಿಹೋದೆ. ಕೊನೆಗೆ ಒಕುದಾ-ಸಾನ್ ಎದ್ದು ನಿಂತು ಏನೋ ಹೇಳಿದರು. ಶೈಲಜಾ ಮುಖ ಸಪ್ಪಗಾಯಿತು.

"ಏನಂದ್ರು?"

"ತುಂಬಾ ಚೆನ್ನಾಗಿದೆ ಅಂದ್ರು. ಆಮೇಲೆ... 'ನೋಡಿ, ಇಡೀ ಚಳಿಗಾಲ ಈ ವಿದೇಶಿಯವರು ನಿಂತು ತೆಗೆದಿದ್ದಾರೆ. ಒಂದರಲ್ಲೂ ಒಬ್ಬ ಮನುಷ್ಯ ಇಲ್ಲ. ನಾನು ಹೇಳುತ್ತಿದ್ದದ್ದೂ ಇದನ್ನೇ' ಅಂದ್ರು."

ಸಭೆ ತಲೆದೂಗಿತು. ಫುಮಿ-ಸಾನ್ ನನ್ನ ಬಳಿ ಬಂದು ಮೂರು ಸಲ ಬಾಗಿ ವಂದಿಸಿದರು. ಹಿಮದ ಚಿತ್ರವೊಂದನ್ನು ಆರಿಸಿ, "ಇದನ್ನು ನನಗೆ ಕೊಡುತ್ತೀರಾ? ದೀಪ ಹೋದ ಮೇಲೆ ಗೋಡೆಗೆ ಹಾಕಿಕೊಳ್ಳುತ್ತೇನೆ" ಎಂದರು. ಮದುಮಗಳ ಫೋಟೋ ಎಂದುಕೊಂಡು ನಾನು ತೆಗೆದಿದ್ದದ್ದು ಹಾರ ಹಾಕುವ ಫೋಟೋ.

ವಾಪಸು ರೈಲು ಹತ್ತಿ ಕೂತೆವು. ಆಮೇಲೆ ಶೈಲಜಾ ಶುರು ಮಾಡಿದಳು.

"ಒಂದ್ ಮಾತು ಹೇಳ್ಲಾ? ಬೇಜಾರ್ ಮಾಡ್ಕೋಬೇಡಿ. ಅಷ್ಟೂ ಫೋಟೋದಲ್ಲಿ ಒಂದ್ ನರಪಿಳ್ಳೆ ಇಲ್ವಲ್ರೀ. ನಮ್ಮ ಮದುವೇಲಿ ನೀವೇ ಗಂಡು, ನೆನಪಿದ್ಯಾ? ಹಸೆಮಣೆಯಿಂದ ಎದ್ದು ಹೋಗಿ ಗ್ರೂಪ್ ಫೋಟೋಗೆ ಅಡುಗೆಯವರನ್ನೂ ಎಳ್ಕೊಂಡು ಬಂದ್ರಿ. ಪುರೋಹಿತರು ಬೈದ್ರು. ಆ ಮನುಷ್ಯ ಎಲ್ಲಿ ಹೋದ?"

"ಜೊಂಡು ಸುಡೋ ದಿನ ಯಾವತ್ತು?" ಎಂದೆ.

"ಯಾಕ್ರೀ?"

"ಅವತ್ತು ಮನೆಗೊಬ್ಬರು ಬರಲೇಬೇಕಂತೆ. ನಾನೂ ಹೋಗ್ತೀನಿ."

ಮಾರ್ಚ್ ತಿಂಗಳ ಆ ಭಾನುವಾರ ಶೈಲಜಾಳೂ ಜೊತೆಗೆ ಬಂದಳು. ಗಾಳಿ ಇರಲಿಲ್ಲ, ಆಕಾಶ ಬಿಳುಪಾಗಿತ್ತು. ಕೊಯ್ದು ಉಳಿದ ಕೂಳೆಗೆ ಬೆಂಕಿ ಕೊಟ್ಟರೆ ಮುಂದಿನ ಜೊಂಡು ಗಟ್ಟಿಯಾಗಿ ಬರುತ್ತದಂತೆ. ಊರಿನ ಪದ್ಧತಿ ಎಂದರೆ, ಮನೆ ಖಾಲಿ ಇದ್ದರೂ ಆ ಮನೆಯ ಒಂದು ಕೈ ಅಂದು ಕೆಲಸಕ್ಕೆ ಸೇರಬೇಕು. ಕ್ಯೋತೋದಿಂದ, ಒಸಾಕಾದಿಂದ, ಎಲ್ಲೆಲ್ಲಿಂದಲೋ ಕಾರುಗಳಲ್ಲಿ ಬಂದಿದ್ದರು. ಕೆಲವರು ಹೆಂಡತಿ ಮಕ್ಕಳ ಸಮೇತ ಬಂದು ರಬ್ಬರ್ ಬೂಟು ಹಾಕಿಕೊಂಡು ಇಳಿದರು. ಬೆಂಕಿ ಚಟಚಟನೆ ಓಡಿತು. ಮಧ್ಯಾಹ್ನದ ಹೊತ್ತಿಗೆ ನೆಲವೆಲ್ಲ ಕಪ್ಪಾಗಿ, ಜನರ ಮುಖವೂ ಕಪ್ಪಾಗಿ, ಕೆರೆಯ ಕಡೆಯಿಂದ ದೀಪಸ್ತಂಭ ಬರಿಮೈಯಲ್ಲಿ ಎದ್ದು ನಿಂತಿತು.

ನಾನು ಕಪ್ಪು ನೆಲದ ಮೇಲೆ, ಹಿಂದೆ ದೋಣಿಗಳು ಬರುತ್ತಿದ್ದ ಕಡೆ ನಿಂತು ಟ್ರೈಪಾಡ್ ಹೂಡಿದೆ. ಹೂಡಿದ್ದೇ ತಡ, ಊರಿಗೆ ಊರೇ "ಸುಮಿಮಾಸೆನ್" ಎಂದು ಬೆನ್ನು ಬಗ್ಗಿಸಿ ಎರಡೂ ಕಡೆಗೆ ಸರಿದುಹೋಯಿತು. ನಡುವೆ ದೀಪವೊಂದೇ ಉಳಿಯಿತು. ನನಗೆ ರೇಗಿತು. ಫೋನು ಜೇಬಿನಲ್ಲೇ ಉಳಿಯಿತು, ಬಾಯಿಗೆ ಬಂದದ್ದು ಮೈಸೂರಿನ ಛತ್ರದ ಕನ್ನಡ.

"ಏ, ಎಲ್ಲಿಗ್ ಹೋಗ್ತೀರಾ? ಬನ್ರೀ ಒಳಗೆ! ಯಜಮಾನ್ರೇ, ಎಡಕ್ಕೆ ಬನ್ನಿ, ಇನ್ನೂ ಎಡಕ್ಕೆ! ಅಮ್ಮಾ, ಮಗೂನ ಎತ್ಕೊಳ್ಳಿ! ಹಿಂದ್ಗಡೆಯವರು ಕಾಣ್ತಿಲ್ಲ!"

ಅವರಿಗೆ ಒಂದು ಪದವೂ ಅರ್ಥವಾಗಲಿಲ್ಲ, ನನ್ನ ಕೈಸನ್ನೆ ಅರ್ಥವಾಯಿತು. ಒಬ್ಬಾಕೆ ಮಸಿ ಹಿಡಿದ ಮುಖ ತೋರಿಸಿ ಬೇಡ ಬೇಡ ಎಂದರು. ನಾನು ನೆಲದಿಂದ ಬೂದಿ ಎತ್ತಿ ನನ್ನ ಕೆನ್ನೆಗೂ ಬಳಿದುಕೊಂಡೆ. ನಗು ಎದ್ದಿತು. ನಕ್ಕ ಮೇಲೆ ಜನ ಸುಲಭ, ಇದು ಎಲ್ಲ ಮದುವೆಯಲ್ಲೂ ಒಂದೇ. ಭವನದಿಂದ ಬೆಂಚು ತರಿಸಿ ಹಿರಿಯರನ್ನು ಕೂರಿಸಿದೆ, ನಡುವೆ ಫುಮಿ-ಸಾನ್. ಎಳೆಯರನ್ನು ಕಲ್ಲಿನ ಕಟ್ಟೆಗೆ ಹತ್ತಿಸಿದೆ. ನಾಲ್ಕು ಸಾಲು ನಿಂತಿತು.

ಪ್ರತಿ ಮದುವೆಯಲ್ಲೂ ಮುನಿಸಿಕೊಂಡ ಮಾವ ಒಬ್ಬರು ಇದ್ದೇ ಇರುತ್ತಾರೆ. ಗ್ರೂಪ್ ಫೋಟೋ ಎಂದ ಕೂಡಲೇ ಊಟದ ಹಾಲ್‌ನ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ಕರೆದಷ್ಟೂ ದೂರ ಹೋಗುತ್ತಾರೆ. ಅವರನ್ನು ಕರೆಯಬಾರದು, ಕೆಲಸ ಕೊಡಬೇಕು. ಒಕುದಾ-ಸಾನ್ ನೀರಿನ ಪಂಪಿನ ಪಕ್ಕ ಕೈಕಟ್ಟಿ ನಿಂತಿದ್ದರು. ನಾನು ಹೋಗಿ ಬಾಗಿ, ಎಲ್ಲರೂ ಸೇರಿದ್ದಾರೋ ಇಲ್ಲವೋ ಒಮ್ಮೆ ನೋಡಿ ಹೇಳಿ ಎಂದು ಸನ್ನೆಯಲ್ಲಿ ಕ್ಯಾಮೆರಾ ತೋರಿಸಿದೆ. ಊರಿನ ಹಿರಿಯರಲ್ಲವೇ, ಅದನ್ನು ಇಲ್ಲವೆನ್ನಲಾಗಲಿಲ್ಲ. ಬಂದರು. ಟೋಪಿ ತಿರುಗಿಸಿ ಕಣ್ಣಿಟ್ಟರು.

ಕಣ್ಣಿಟ್ಟವರು ತೆಗೆಯಲೇ ಇಲ್ಲ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಮೆಲ್ಲಗೆ ಹೊರಳಿಸಿ ನೋಡಿದರು. ಆಮೇಲೆ, ಕಣ್ಣು ಅಲ್ಲೇ ಇಟ್ಟುಕೊಂಡು, ಏನೋ ಹೇಳಿದರು. ಪಕ್ಕದಲ್ಲಿದ್ದ ಶೈಲಜಾ ಪಿಸುಮಾತಿನಲ್ಲಿ ಹೇಳಿದಳು, "ನಾವು ಇಷ್ಟು ಜನ ಇದ್ದೇವಾ, ಅಂತಿದ್ದಾರೆ."

ಅವರು ಟೋಪಿ ತೆಗೆದು, ಕೂದಲು ಸರಿ ಮಾಡಿಕೊಂಡು, ಬೂದಿಯಲ್ಲಿ ಹೆಜ್ಜೆ ಹಾಕುತ್ತಾ ಹೋಗಿ ಕೊನೆಯ ಸಾಲಿನ ತುದಿಯಲ್ಲಿ ನಿಂತರು. ನಾನು ಗುಂಡಿ ಒತ್ತಿದೆ.

ಸಭೆ ಅದೇ ವಾರ ನಡೆಯಿತು. ನನಗೆ ಅಲ್ಲಿ ಜಾಗವಿರಲಿಲ್ಲ, ಪ್ರಿಂಟು ಮಾತ್ರ ಕಳಿಸಿದ್ದೆ. ಮೂರು ದಿನ ಅನ್ನ ಸೇರಲಿಲ್ಲ. ಕೊನೆಗೆ ಫುಮಿ-ಸಾನ್ ಶೈಲಜಾಗೆ ಫೋನ್ ಮಾಡಿದರು. ಬಡಗಿ ಮರದ ಕಾಲು ಬದಲಿಸುತ್ತಾನೆ. ದೀಪ ಹಚ್ಚುವುದು ಇನ್ನು ಒಂದು ಮನೆಯ ಕೆಲಸವಲ್ಲ, ಸರದಿ ಮಾಡಿದ್ದಾರೆ. ಭಾನುವಾರಗಳು ದೂರದ ಊರಲ್ಲಿರುವವರಿಗೆ, ಬೇರೆ ದಿನಗಳು ಊರಲ್ಲಿರುವವರಿಗೆ. ಫೋಟೋದಲ್ಲಿ ನಿಂತವರಲ್ಲಿ ಯಾರೂ ಇಲ್ಲವೆನ್ನಲಿಲ್ಲವಂತೆ. ನಾನು ಅಡುಗೆಮನೆಯಲ್ಲೇ ಕೂತು ಅತ್ತುಬಿಟ್ಟೆ.

"ಇನ್ನೊಂದ್ ವಿಷ್ಯ ಇದೆ ಕಣ್ರೀ" ಎಂದಳು ಶೈಲಜಾ. "ನಿಮಗೂ ಒಂದು ದಿನ ಹಾಕಿದ್ದಾರೆ. ನಾವು ಊರಿಗೆ ಹೋಗೋವರೆಗೂ ಪ್ರತಿ ಗುರುವಾರ. ಒಕುದಾ-ಸಾನ್ ಹಾಕಿಸಿದ್ದಂತೆ."

ಒಂದು ಸ್ವಿಚ್ಚು ಒತ್ತಲು ಒಸಾಕಾದಿಂದ ಹತ್ತಿರ ಹತ್ತಿರ ಎರಡು ಗಂಟೆ ರೈಲು! ಇಬ್ಬರೂ ನಕ್ಕೆವು. ಗೌರವಕ್ಕೆ ಹೆಸರು ಸೇರಿಸಿದ್ದಾರೆ, ನಮ್ಮಲ್ಲಿ ಆಹ್ವಾನ ಪತ್ರಿಕೆಯ ಕೆಳಗೆ ಸುಖಾಗಮನ ಬಯಸುವವರ ಹೆಸರು ಹಾಕುವುದಿಲ್ಲವೇ, ಹಾಗೆ ಎಂದುಕೊಂಡೆ. ಆದರೂ ಮೊದಲ ಗುರುವಾರ ಹೊರಟೆ.

ಅಂದು ಬೆಟ್ಟದ ಗಾಳಿ ಎದ್ದಿತ್ತು. ಅಂಥ ಗಾಳಿಗೆ ಆ ದಾರಿಯ ರೈಲುಗಳನ್ನು ನಿಲ್ಲಿಸುತ್ತಾರೆ. ನನ್ನ ರೈಲೂ ಅರ್ಧ ದಾರಿಯ ಒಂದು ನಿಲ್ದಾಣದಲ್ಲಿ ನಿಂತುಬಿಟ್ಟಿತು. ಸೂರ್ಯ ಇಳಿದ, ಕಿಟಕಿ ಕಪ್ಪಾಯಿತು. ಹೇಗೂ ಊರವರು ಯಾರಾದರೂ ಹಚ್ಚಿರುತ್ತಾರೆ, ಇಲ್ಲಿಂದಲೇ ಹಿಂದಿರುಗಿದರೂ ನಡೆಯುತ್ತದೆ ಎಂದು ಮನಸ್ಸು ಹೇಳಿತು. ಇಳಿಯಲಿಲ್ಲ, ಕೂತೆ. ರೈಲು ಮತ್ತೆ ಹೊರಟು ನಾನು ಊರು ಮುಟ್ಟುವಾಗ ಪೂರ್ತಿ ಕತ್ತಲಾಗಿತ್ತು. ಓಡಿದೆ. ಮನೆಗಳ ಕಿಟಕಿಯಲ್ಲೆಲ್ಲ ಬೆಳಕಿತ್ತು. ಕೆರೆಯ ಅಂಚು ಮಾತ್ರ ಕಪ್ಪಗಿತ್ತು. ದೀಪ ಹಚ್ಚಿರಲಿಲ್ಲ.

ಕಲ್ಲಿನ ಕಟ್ಟೆಯ ಬಳಿ ಒಂದು ಟಾರ್ಚು ಅಲ್ಲಾಡಿತು. ಒಕುದಾ-ಸಾನ್, ಕೋಟಿನ ಕಾಲರು ಕಿವಿಯ ತನಕ ಏರಿಸಿಕೊಂಡು, ಗಾಳಿಗೆ ಬೆನ್ನು ಕೊಟ್ಟು ಸ್ವಿಚ್ಚಿನ ಡಬ್ಬಿಯ ಪಕ್ಕ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಮೂಗು ಕೆಂಪಾಗಿತ್ತು. ನಾನು ಏದುಸಿರು ಬಿಡುತ್ತಾ, ತಡವಾಯಿತು, ಕ್ಷಮಿಸಿ, ನೀವೇ ಹಚ್ಚಬಹುದಿತ್ತಲ್ಲ ಎಂದು ಫೋನಿಗೆ ಹೇಳಿದೆ.

ಅವರು ಫೋನಿನ ಕಡೆ ತಿರುಗಿಯೂ ನೋಡಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು, ಸ್ವಿಚ್ಚಿನ ಮೇಲೆ ಟಾರ್ಚು ಹಿಡಿದು, ನನಗೂ ಅರ್ಥವಾಗುವಷ್ಟು ನಿಧಾನವಾಗಿ ಹೇಳಿದರು.

"ಇವತ್ತು ಗುರುವಾರ."